ಉಡಿಯಲ್ಲಿ ಹತ್ತೇ ಎಲೆ

ಕಣ್ಣಿಗೆ ಕಾಣದ್ದನ್ನು ನಾನು ನಂಬುವವಳಲ್ಲ. ಯಾರಾದರೂ ಅಂಥ ಮಾತೆತ್ತಿದರೆ ನಕ್ಕು, ಚಹಾ ಕುಡಿಸಿ ಕಳಿಸುತ್ತಿದ್ದೆ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನವನ್ನು ನೆನೆದು ನಗಲು ನನಗೆ ಇವತ್ತಿಗೂ ಆಗಿಲ್ಲ.

ಸವಣೂರಿನ ನಮ್ಮ ಮನೆಯಲ್ಲೇ ಕೂತು, ಸುತ್ತಲಿನ ನಾಲ್ಕು ತಾಲೂಕುಗಳ ರಕ್ತದಾನಿಗಳನ್ನು ಹುಡುಕಿಕೊಡುವ ಜಾಲತಾಣವೊಂದನ್ನು ನಡೆಸುತ್ತೇನೆ. ಅಂದು ಹಾನಗಲ್ಲಿನ ಆಸ್ಪತ್ರೆಯಿಂದ ಪಕ್ಕದ ಮನೆಯ ರೆಹಮಾನನ ಫೋನು ಬಂತು. ಹೆಂಡತಿಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ, ಅಲ್ಲಿ ಇಟ್ಟಿದ್ದ ರಕ್ತವೂ ಮುಗಿದಿದೆ.

"ಅಕ್ಕಾರ, ಹತ್ರದವ್ರು ಯಾರರ ಅದಾರೇನ್ ನೋಡ್ರಿ," ಎಂದ.

ಅವಳ ರಕ್ತದ ಗುಂಪು ಹಾಕಿ ಹುಡುಕಲು ಒತ್ತಿದೆ. ಕಂಪ್ಯೂಟರ್ ನಿಂತೇಹೋಯಿತು. ಆ ಗುಂಪಿನ ದಾನಿಗಳೆಲ್ಲರನ್ನೂ, ಫೋಟೊ ಸಮೇತ, ಒಮ್ಮೆಗೇ ಮೆಮೊರಿಗೆ ತಂದು ದೂರದ ಪ್ರಕಾರ ಜೋಡಿಸುವಂತೆ ನಾನೇ ಬರೆದಿಟ್ಟಿದ್ದೆ. ಮೆಮೊರಿ ತುಂಬಿ ತುಳುಕಿತ್ತು. ಮತ್ತೆ ಒತ್ತಿದೆ, ಮತ್ತೆ ನಿಂತಿತು.

ಆಗ ಕಿವಿಗೆ ಹಿಡಿದಿದ್ದ ಫೋನಿನಲ್ಲಿ ಮುದುಕಿಯೊಬ್ಬಳ ದನಿ ಕೇಳಿತು. "ಎಲಿ ಎಲ್ಲಾ ಒಮ್ಮೆ ಉಡ್ಯಾಗ ಯಾಕ ಸುರಕೊಂತಿ ಯವ್ವಾ? ಹತ್ತ ಇಟ್ಗೊ. ಅದಕಿಂತ ಚಲೋದು ಬಂದ್ರ ಕೆಟ್ಟದ್ದೊಂದು ತಗದು ಅದನ್ನ ಹಾಕ್ಕೊ. ಲಗೂ ಮಾಡು, ಕೂಸು ಕಾಯಾಕತ್ತೈತಿ."

ಸೀರೆಯ ಮಡಿಲನ್ನೇ ಉಡಿ ಮಾಡಿ ವೀಳ್ಯದೆಲೆ ತುಂಬಿಕೊಳ್ಳುವ ನಮ್ಮೂರ ಎಲೆತೋಟದ ಹೆಂಗಸರ ಮಾತಿನ ಧಾಟಿ. ಲೈನು ತಪ್ಪಿರಬೇಕೆಂದುಕೊಂಡು "ಆತು ಯವ್ವಾ" ಎಂದೆ. ಅನ್ನುತ್ತಲೇ ಹೊಳೆಯಿತು. ಫೋಟೊಗಳನ್ನು ಬಿಟ್ಟು, ಹತ್ತಿರದ ಹತ್ತು ಜನರನ್ನಷ್ಟೇ ಹಿಡಿದಿಟ್ಟುಕೊಂಡು, ಇನ್ನೂ ಹತ್ತಿರದವರು ಸಿಕ್ಕಾಗ ದೂರದವರೊಬ್ಬರನ್ನು ಕೈಬಿಡುವಂತೆ ತಿದ್ದಿ ಒತ್ತಿದೆ. ರೆಪ್ಪೆ ಮಿಟುಕಿಸುವುದರೊಳಗೆ ಹತ್ತು ಹೆಸರು ಬಂದವು. ಮೊದಲಿನವರು ಹಾನಗಲ್ಲಿಗೆ ಹತ್ತಿರದ ಆಡೂರಿನವರು. ಸುದ್ದಿ ಮುಟ್ಟಿದ ಕೂಡಲೇ ಮೋಟರ್‌ಸೈಕಲ್ ಹತ್ತಿ ಹೊರಟರು.

ತಾಯಿ ಉಳಿದಳು. ಮಗಳನ್ನು ತೋರಿಸಲು ಬಂದ ರೆಹಮಾನನಿಗೆ, ಲೈನು ತಪ್ಪಿ ಬಂದ ಆ ಮುದುಕಿಯ ಬಗ್ಗೆ ಹೇಳಿದೆ.

"ಲೈನ್ ತಪ್ಪೇ ಇಲ್ರಿ ಅಕ್ಕಾರ. ನಾ ಫೋನ್ ಕಿವಿಗೆ ಹಚ್ಕೊಂಡ ನಿಂತಿದ್ದೆ. ಯಾರೂ ಮಾತಾಡ್ಲಿಲ್ಲ. ನೀವ 'ಆತು ಯವ್ವಾ' ಅಂದ್ರಿ. ಯಾರಿಗೆ ಅಂದ್ರಿ?"

ಗಾಬರಿಯಲ್ಲಿ ನನ್ನ ತಲೆಯೇ ಆಡಿಸಿದ ಆಟ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಹತ್ತೇ ಎಲೆ ಇಟ್ಟುಕೊಂಡು ಆರಿಸುವ ಆ ರೀತಿ ನನಗೆ ಗೊತ್ತೇ ಇರಲಿಲ್ಲ. ಪ್ರೋಗ್ರಾಮಿನಲ್ಲಿ ಆ ಹತ್ತು ಹೆಸರು ಕೂರುವ ಜಾಗಕ್ಕೆ 'ಉಡಿ' ಎಂದೇ ಹೆಸರಿಟ್ಟೆ. ಯಾರ ಉಡಿಯೋ, ಇಂದಿಗೂ ತಿಳಿಯದು. ಪಕ್ಕದ ಮನೆಯ ಕಟ್ಟೆಯ ಮೇಲೆ ಆ ಹುಡುಗಿ ತಾಯಿಯ ಉಡಿಯಲ್ಲಿ ಕೂತದ್ದನ್ನು ಕಂಡಾಗ ಮಾತ್ರ, ತಿಳಿಯದಿದ್ದರೂ ಸರಿ ಅನಿಸುತ್ತದೆ.