ದೇವರ ಗೂಡಿನ ರೂಟರು

ಮನೆಯ ಕುರ್ಚಿ ಬಿಟ್ಟೇಳದೆ ನಾಲ್ಕು ತಾಲ್ಲೂಕು ನೋಡಿಕೊಳ್ಳುವವನು ನಾನು. ಪಕ್ಕದ ಅಡುಗೆಮನೆಯಿಂದ ಹೆಂಡತಿ ಕರೆದರೆ ಮಾತ್ರ ಕೇಳಿಸುವುದಿಲ್ಲ ಎಂಬ ಅಪವಾದವೂ ಇದೆ. ಶಿರಾದ ನನ್ನ ಕಂಪ್ಯೂಟರಿನಲ್ಲಿ ಮಧುಗಿರಿ, ಕೊರಟಗೆರೆ, ಪಾವಗಡದವರೆಗಿನ ಇಂಟರ್‌ನೆಟ್ ರೂಟರುಗಳೆಲ್ಲ ಹಸಿರು ಚುಕ್ಕಿಗಳಾಗಿ ಕೂತಿರುತ್ತವೆ. ಕೆಟ್ಟದ್ದು ಕೆಂಪಗಾಗುತ್ತದೆ, ಇಲ್ಲಿಂದಲೇ ಒಮ್ಮೆ ಆರಿಸಿ ಹೊತ್ತಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೋಟೆಯ ಬುರುಜು ಹತ್ತಿ ದೂರ ನೋಡುತ್ತಿದ್ದ ಕಾವಲುಗಾರರ ವಂಶ ನನ್ನದೆಂದು ಹೇಳಿಕೊಳ್ಳಬಹುದಿತ್ತು, ಆದರೆ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ.

ಬುಕ್ಕಾಪಟ್ಟಣದ ರೂಟರಿಗೆ ದಿನಾ ಸಂಜೆ ಆರೂವರೆಗೆ ಸಣ್ಣ ಜ್ವರ ಬರುತ್ತಿತ್ತು. ಅದರ ಶಾಖ ತೋರಿಸುವ ಗೆರೆ ಗುಡ್ಡದಂತೆ ಏರಿ, ಗಂಟೆಯೊಳಗೆ ಇಳಿಯುತ್ತಿತ್ತು. ಅದನ್ನಿಟ್ಟುಕೊಂಡಿರುವ ಮನೆಯ ಲಕ್ಕಮ್ಮನವರಿಗೆ ಫೋನು ಮಾಡಿದೆ. ಬೆಕ್ಕಿಗೆ ಸಿಗಬಾರದೆಂದು ಆಕೆ ರೂಟರನ್ನು ದೇವರ ಗೂಡಿನಲ್ಲಿಟ್ಟಿದ್ದರು. ಪಕ್ಕದಲ್ಲೇ ಸಂಜೆಯ ದೀಪ. ದೀಪವನ್ನು ತುಸು ದೂರವಿಡಿ ಎಂದೆ.

“ದೇವ್ರ ಗೂಡಲ್ಲಿ ದೇವ್ರುನ್ನೇ ಅತ್ಲಾಗ್ ಸರ್ಕೊ ಅಂತೀಯೇನ್ಲಾ? ನೆಂಟನಂಗೆ ಬಂದಿರೋದು ನಿನ್ ಡಬ್ಬ. ತಡ್ಕಳ್ಳಿ ಬುಡು!”

ಡಬ್ಬ ತಡೆದುಕೊಂಡಿತು. ಬರಬರುತ್ತಾ ಆ ಗುಡ್ಡ ಕಾಣದ ಹೊರತು ನನಗೆ ಸಂಜೆಯ ಕಾಫಿಯೇ ರುಚಿಸದಾಯಿತು. ಗೆರೆ ಏರಿತೆಂದರೆ ಲಕ್ಕಮ್ಮ ಚೆನ್ನಾಗಿದ್ದಾರೆ ಎಂದು ಸಮಾಧಾನ.

ಹೋದ ತಿಂಗಳು ಒಂದು ಸಂಜೆ ಗೆರೆ ಏಳಲಿಲ್ಲ. ಮರುದಿನವೂ ಇಲ್ಲ. ತಂತ್ರಾಂಶ ಮಾತ್ರ ಎಲ್ಲವೂ ಸರಿಯಾಗಿದೆ ಎನ್ನುತ್ತಿತ್ತು. ಅದರ ಪ್ರಕಾರ ರೂಟರಿನ ಆರೋಗ್ಯ ಸುಧಾರಿಸಿತ್ತು. ಅರವತ್ತು ದಾಟಿದ ಹೆಂಗಸು, ಎಲ್ಲಿ ಬಿದ್ದರೋ, ಏನಾಯಿತೋ. ನಾಲ್ಕು ಸಲ ಫೋನು ಮಾಡಿದರೂ ಎತ್ತುವವರಿಲ್ಲ.

ಐದನೆಯ ಸಲ ಆಕೆಯೇ ಎತ್ತಿದರು. ಹಲೋ ಕೂಡ ಹೇಳದೆ, “ದೀಪ ಯಾಕಮ್ಮ ಹಚ್ಚಿಲ್ಲ?” ಎಂದು ಗದರಿಯೇಬಿಟ್ಟೆ.

“ಮದ್ಗಿರಿ ಆಸ್ಪತ್ರೇಲಿದ್ದೆ ಕಣಪ್ಪ. ನನ್ ಸೊಸೆಗೆ ಹೆಣ್ ಕೂಸಾಯ್ತು! ಪುರುಡು ಕಳೆಯೋಗಂಟ ದೀಪ ಹೆಂಗ್ ಹಚ್ಲಿ?”

ಮಗು ಹುಟ್ಟಿದ ಮನೆಯಲ್ಲಿ ಹತ್ತು ದಿನ ದೇವರ ದೀಪ ಹಚ್ಚುವುದಿಲ್ಲವೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೆಂಪು ಚುಕ್ಕಿ ನೋಡಿ ನೋಡಿ, ಕೆಟ್ಟದ್ದನ್ನೇ ಮೊದಲು ನೆನೆಯುವ ಬುದ್ಧಿ ಬಂದುಬಿಟ್ಟಿದೆ. ಸಂತೋಷವಾಯಿತು. ಕೂಸಿನ ಫೋಟೋ ಕಳಿಸಿ, ಇಲ್ಲಿಂದಲೇ ನೋಡುತ್ತೇನೆ ಎಂದೆ.

“ಡಬ್ಬ ನೋಡ್ದಂಗೆ ಕೂಸ್ನೂ ಅಲ್ಲಿಂದ್ಲೇ ನೋಡ್ತೀಯಾ? ಹೆಸ್ರಿಡೋ ದಿನ ಬಸ್ ಹತ್ತಿ ಬಾರ್ಲಾ!”

ಹೋದೆ. ಮಡಿಲಿಗೆ ಹಾಕಿದ ಕೂಡಲೇ ಕೂಸು ನನ್ನ ಹೊಸ ಪಂಚೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು. ಈ ಬಿಸಿ ಶಿರಾದವರೆಗೆ ಬರುವಂಥದ್ದಲ್ಲ. ಇದಕ್ಕೆ ಮನುಷ್ಯ ತೊಡೆ ಸಮೇತ ಹೋಗಬೇಕು.