ಗುಳಿಗೆ ಬಿಟ್ಟ ನಾಲ್ಕನೇ ದಿನ

ಒಂಬತ್ತು ವರ್ಷ ಖಿನ್ನತೆಯ ಗುಳಿಗೆ ನುಂಗಿದವನು ನಾನು. "ಈಗ ಆರಾಮ ಅದೀಯಲ್ಲ, ಬಿಟ್ಟುಬಿಡು" ಎಂದರು ಸಿಂಧನೂರಿನ ಡಾಕ್ಟರು, ಮುಂದಿನ ಪೇಷಂಟನ್ನು ಕರೆಯುತ್ತಲೇ. ಮರುದಿನದಿಂದಲೇ ಬಿಟ್ಟೆ.

ನಾನು ಬಸ್ ಕಂಡಕ್ಟರ್. ನಾಲ್ಕನೇ ದಿನ ಲಿಂಗಸುಗೂರಿನ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದೆ. ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತಿತ್ತು. ಮಸ್ಕಿ ಹತ್ತಿರ ಜೋಲಿ ತಪ್ಪಿ, ಸೀಟಿನಲ್ಲಿದ್ದ ಅಜ್ಜಿಯೊಬ್ಬಳ ಮೇಲೆ ಬಿದ್ದುಬಿಟ್ಟೆ.

"ಕುಡದು ಡ್ಯೂಟಿಗಿ ಬಂದಾನ ನೋಡ್ರಿ!" ಎಂದು ಹಿಂದಿನ ಸೀಟಿನವನೊಬ್ಬ ಕೂಗಿ ಮೊಬೈಲ್ ಎತ್ತಿ ಹಿಡಿದ. ನಾನು ಜೀವನದಲ್ಲಿ ಒಂದು ಹನಿಯನ್ನೂ ಮುಟ್ಟಿದವನಲ್ಲ. ಅಜ್ಜಿಯೇ ನನ್ನ ಬಾಯಿ ಮೂಸಿ ನೋಡಿ, "ಇಂವ ಕುಡದಿಲ್ಲ, ಜಡ್ಡಾಗಿ ನಡಗಾಕತ್ತಾನ. ಫೋನ್ ಕೆಳಗ ಇಡಲೇ!" ಎಂದು ಅವನನ್ನು ಗದರಿದಳು.

ಮರುದಿನ ಸೀದಾ ಡಾಕ್ಟರ ಕೋಣೆಗೆ ನುಗ್ಗಿ, ತಲೆಯೊಳಗಿನ ಕರೆಂಟಿನ ಸಂಗತಿ ಹೇಳಿದೆ.

"ಒಮ್ಮೆಲೇ ಬಿಟ್ಟಿಯೇನು? ಸ್ವಲ್ಪ ಸ್ವಲ್ಪ ಕಡಿಮಿ ಮಾಡಬೇಕಿತ್ತಲ್ಲೋ" ಎಂದರು.

"ಯಾವಾಗ ಹೇಳಿದ್ರಿ ಸರ? ಶುರು ಮಾಡುವಾಗ ಅರ್ಧ ತಾಸು ಕುಂದ್ರಿಸಿ ಹೇಳಿದ್ರಿ. ಬಿಡ್ಸುವಾಗ ನನ್ನ ಮುಖಾನೂ ನೋಡ್ಲಿಲ್ಲ. ಬಸ್ಸಿನಾಗ ಕುಡುಕ ಅನ್ನಿಸ್ಕೊಂಡೆ ನಾ!"

ನನ್ನ ದನಿಗೆ ಹೊರಗಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಡಾಕ್ಟರು ತಪ್ಪಾಯಿತು ಎನ್ನಲಿಲ್ಲ. ಮತ್ತೆ ಗುಳಿಗೆ ಶುರು ಮಾಡಿ, ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುವುದು ಹೇಗೆಂದು ಬರೆದರು. ವಾರದೊಳಗೆ ತಲೆ ಸರಿಹೋಯಿತು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಯಾಕೆಂದರೆ ಅವತ್ತು ಚೀಟಿ ಕೈಗಿಡುತ್ತ ಅವರು ಕೇಳಿದ್ದು ಇದು: "ಇಷ್ಟು ಸಿಟ್ಟು ಚಲೋ ಅಲ್ಲ. ಅದಕ್ಕೂ ಒಂದು ಗುಳಿಗಿ ಬರೀಲೇನು?"