ಆಷಾಢದಲ್ಲಿ ತೆಗೆದ ಎಂಟು ಕಂತು

ನನ್ನ ಮೊಬೈಲಿನಲ್ಲಿ ಒಂದು ವಾಟ್ಸಾಪ್ ಗ್ರೂಪ್ ಇದೆ. ಒಂದು ಮಾತೂ ಕೇಳದೆ ನನ್ನನ್ನು ಅದಕ್ಕೆ ಸೇರಿಸಿದರು. ಇಪ್ಪತ್ತು ವರ್ಷದ ಹಿಂದೆ ತುಮಕೂರಿನ ಲೋಕಲ್ ಕೇಬಲ್ಲಿನಲ್ಲಿ ಎಂಟೇ ಎಂಟು ಭಾನುವಾರ ಬಂದು ನಿಂತುಹೋದ ಮಕ್ಕಳ ಹಾಸ್ಯ ಕಾರ್ಯಕ್ರಮವೊಂದರ ಅಭಿಮಾನಿಗಳಂತೆ ಇವರು. ಅದು ಡಿವಿಡಿಯಾಗಿ ಬರುತ್ತದೆ ಎಂದು ಗೊತ್ತಾದಾಗಿನಿಂದ ಇವರಿಗೆ ಬೇರೆ ಕಸುಬಿಲ್ಲ. ಮೀಸೆ ನರೆಯುತ್ತಿರುವ ಗಂಡಸರು, ಮಕ್ಕಳನ್ನು ಸ್ಕೂಲಿಗೆ ಅಟ್ಟಿ ಕೂತ ಹೆಂಗಸರು, ಬೆಳಗಾದರೆ ಇವರದು ಒಂದೇ ರಾಗ: ಡಿವಿಡಿ ಯಾವಾಗ, ಕವರ್ ಹೇಗಿರುತ್ತೆ, ಅಟ್ಟದಿಂದ ಪ್ಲೇಯರ್ ಇಳಿಸಿ ಧೂಳು ಹೊಡೆದಿದ್ದೀವಿ. ಗ್ರೂಪಿಗೆ ಇವರು ಇಟ್ಟಿರುವ ಹೆಸರು 'ದ ದ ದ ದೋಸೆ'. ಆ ಹೆಸರು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಇವರಲ್ಲಿ ಒಬ್ಬರನ್ನೂ ನಾನು ಇಷ್ಟಪಡುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ದ ದ ದ ನನ್ನ ಅಕ್ಕನದು. ಕಾರ್ಯಕ್ರಮದಲ್ಲಿ ಮಕ್ಕಳೇ ಸೇರಿ ಒಂದು ಹೋಟೆಲ್ ನಡೆಸುತ್ತಿದ್ದರು. ಹದಿಮೂರು ವರ್ಷದ ಅಕ್ಕ ಸಪ್ಲೈಯರ್. ಗಿರಾಕಿ ಬಂದು ಕೂತರೆ ಏನೇನಿದೆ ಎಂದು ಒಂದೇ ಉಸಿರಿಗೆ ಹೇಳಬೇಕು. ಒಂಬತ್ತು ವರ್ಷದ ನಾನು ಹೊಟ್ಟೆಬಾಕ ಗಿರಾಕಿ. ಅಕ್ಕನಿಗೆ ಚಿಕ್ಕಂದಿನಿಂದ ಸ್ವಲ್ಪ ಉಗ್ಗು ಇತ್ತು. ಮನೆಯಲ್ಲಿ ಕಾಣುತ್ತಲೇ ಇರಲಿಲ್ಲ, ಹೊಸಬರ ಮುಂದೆ ಮಾತ್ರ ಬರುತ್ತಿತ್ತು.

ಕಾರ್ಯಕ್ರಮ ತೆಗೆದವರು ಕುಣಿಗಲ್ಲಿನ ಮದುವೆ ವಿಡಿಯೋದವರೊಬ್ಬರು. ಆಷಾಢದಲ್ಲಿ ಮದುವೆ ಇಲ್ಲ, ಕ್ಯಾಮೆರಾ ಖಾಲಿ, ತುಮಕೂರಿನ ಛತ್ರವೂ ಖಾಲಿ. ಛತ್ರದ ಊಟದ ಹಾಲಿನಲ್ಲಿ ನಾಲ್ಕು ಟೇಬಲ್ ಹಾಕಿ, ಹೋಟೆಲ್ ಎಂದು ಬೋರ್ಡು ಬರೆದು, ಒಂದೇ ತಿಂಗಳಲ್ಲಿ ಎಂಟು ಕಂತು ಮುಗಿಸಿದರು. ಶ್ರಾವಣ ಬಂತು, ಮುಹೂರ್ತಗಳು ಶುರುವಾದವು, ಅವರು ಕ್ಯಾಮೆರಾ ಹೊತ್ತುಕೊಂಡು ಮದುವೆಗೆ ಹೋದರು. ಕಾರ್ಯಕ್ರಮ ನಿಂತದ್ದು ಇಷ್ಟಕ್ಕೇ. ಆದರೆ ಗ್ರೂಪಿನ ಪಂಡಿತರನ್ನು ಕೇಳಿ: ಯಾರೋ ದೊಡ್ಡವರು ಅಡ್ಡಗಾಲು ಹಾಕಿದರಂತೆ, ಬೆಂಗಳೂರಿನ ಚಾನೆಲ್ಲಿನವರಿಗೆ ಹೊಟ್ಟೆಕಿಚ್ಚಂತೆ. ಬೆಳ್ಳಾವಿ ಕಡೆಯ ಅಡ್ಮಿನ್ ಈ ಬಗ್ಗೆ ಎರಡು ಪುಟ ಬರೆದು ಹಾಕಿದ್ದಾನೆ.

ವಿಡಿಯೋದವರಿಗೆ ಒಂದು ಅಭ್ಯಾಸವಿತ್ತು. ಕ್ಯಾಮೆರಾ ಒಮ್ಮೆ ಆನ್ ಮಾಡಿದರೆ ಟೇಪು ಮುಗಿಯುವವರೆಗೂ ಆಫ್ ಮಾಡುತ್ತಿರಲಿಲ್ಲ. ತಾಳಿ ಕಟ್ಟುವ ಗಳಿಗೆ ಯಾರಿಗೂ ಕಾಯುವುದಿಲ್ಲ, ಆಫ್ ಮಾಡಿದವನು ಕೆಟ್ಟ ಎನ್ನುತ್ತಿದ್ದರು. ಹಾಗಾಗಿ ನಮ್ಮ ನಟನೆಯ ಜೊತೆಗೆ ನಮ್ಮ ಜಗಳ, ಅವರ ಬೈಗುಳ, ನಾವು ಟೀ ಕುಡಿದದ್ದು ಎಲ್ಲವೂ ಟೇಪಿನಲ್ಲಿ ಸೇರಿತು. ನನ್ನ ಭಯ ಇರುವುದು ಅಲ್ಲೇ.

ಎರಡನೇ ಕಂತಿನ ದಿನ ಅಕ್ಕ ಇಡ್ಲಿ ಹೇಳಿದಳು, ವಡೆ ಹೇಳಿದಳು, ದೋಸೆಯಲ್ಲಿ ಸಿಕ್ಕಿಬಿದ್ದಳು. ನಾನು ಟೇಬಲ್ ಕುಟ್ಟಿ ಅವಳ ಹಾಗೆಯೇ ದ ದ ದ ಎಂದು, ನೀನು ಹೇಳೋಷ್ಟರಲ್ಲಿ ದೋಸೆ ಆರೋಯ್ತು ಎಂದೆ. ಸುತ್ತ ಇದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಕ್ಕ ಮುಖ ತೊಳೆಯುತ್ತೇನೆಂದು ಆಚೆ ಹೋದಳು. ವಿಡಿಯೋದವರು ನನ್ನ ಹತ್ತಿರ ಬಂದು, ಅದು ಬೇಡ, ಸುಮ್ಮನೆ ದೋಸೆ ಕೇಳು ಎಂದರು. ಬೇಡ ಅಂದವರು ಅವರು, ಬೇಕು ಅಂದವಳು ನಾನು. ನಕ್ಕ ಸದ್ದು ನನ್ನ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅವರೂ ಹೆಚ್ಚು ಹೊತ್ತು ಹಟ ಹಿಡಿಯಲಿಲ್ಲ. ಉಳಿದ ಆರು ಕಂತಿನಲ್ಲೂ ಅದೇ ನಡೆಯಿತು.

ಶೂಟಿಂಗೆಲ್ಲ ಮುಗಿದು, ಆ ಎರಡನೇ ಕಂತು ಟೀವಿಯಲ್ಲಿ ಬಂದ ರಾತ್ರಿ ಅಕ್ಕ ಬಚ್ಚಲಿನ ಚಿಲಕ ಹಾಕಿಕೊಂಡು ಕೂತಳು. ಅಮ್ಮ ನನ್ನ ರಟ್ಟೆ ಹಿಡಿದು ಕೇಳಿದಾಗ, ಅಂಕಲ್ ಹೇಳಿಕೊಟ್ಟರು ಎಂದುಬಿಟ್ಟೆ. ಅಮ್ಮ ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು, ನೂರು ಜನರ ಮುಂದೆ ಜನ್ಮ ಜಾಲಾಡಿದಳು. ಅವರು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಅಮ್ಮ ಸಾಯುವವರೆಗೂ ಅವರ ಸುದ್ದಿ ಬಂದರೆ ಹಿಡಿಶಾಪ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಹೂಂ ಅನ್ನುತ್ತಿದ್ದೆ.

ಅಕ್ಕನಿಗೆ ಟೀಚರ್ ಆಗುವ ಆಸೆ ಇತ್ತು. ಟ್ರೈನಿಂಗಿಗೆ ಸೀಟೂ ಸಿಕ್ಕಿತು. ಮೊದಲ ಸಲ ಪಾಠ ಮಾಡಲು ನಿಂತ ದಿನ ಹಿಂದಿನ ಬೆಂಚಿನಿಂದ ಯಾರೋ ದ ದ ದ ಎಂದರಂತೆ. ಮಧ್ಯಾಹ್ನಕ್ಕೆಲ್ಲ ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಈಗ ಗುಬ್ಬಿಯಲ್ಲಿ ಗಂಡನ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬಂದವರು ಅಳತೆ ಬ್ಲೌಸ್ ಕೊಟ್ಟು ಯಾವತ್ತು ಬೇಕೆಂದು ಹೇಳಿ ಹೋಗುತ್ತಾರೆ. ಅವಳು ತಲೆಯಾಡಿಸಿದರೆ ಸಾಕು. ಅಂಥ ಕೆಲಸವನ್ನೇ ಅವಳು ಹುಡುಕಿಕೊಂಡಳು ಎಂದು ನನಗೆ ಗೊತ್ತು.

ಹೋದ ತಿಂಗಳು ಅಡ್ಮಿನ್ ಒಂದು ಸಿಹಿ ಸುದ್ದಿ ಹಾಕಿದ. ವಿಡಿಯೋದವರೇ ಮಾಡುತ್ತಿರುವ ಡಿವಿಡಿಯಲ್ಲಿ ಎಂಟು ಕಂತಿನ ಜೊತೆಗೆ ಶೂಟಿಂಗ್ ಸಮಯದ ತುಣುಕುಗಳೂ ಇರುತ್ತವಂತೆ, ಒಂದು ಚೂರೂ ಕತ್ತರಿಸದೆ. ಅದರ ಕೆಳಗೆ ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಿದ್ದವು. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಸುಳ್ಳು ಅಕ್ಕನ ಮುಂದೆ ಬಯಲಾಗುತ್ತದೆ. ಊರು ಏನಾದರೂ ಅಂದುಕೊಳ್ಳಲಿ, ಅಕ್ಕ ಮಾತ್ರ ನೋಡಬಾರದು.

ಕ್ಯಾತ್ಸಂದ್ರದ ಮನೆಗೆ ಬೀಗ ಹಾಕಿ, ಆಫೀಸಿಗೆ ರಜೆ ಹೇಳಿ, ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಭಿಮಾನಿಗಳನ್ನೂ ಅಡ್ಮಿನ್ನನ್ನೂ ಮನಸ್ಸಿನಲ್ಲೇ ಬೈದೆ. ವಿಡಿಯೋದವರ ಸ್ಟುಡಿಯೋ ಈಗ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸಿಗೆ ಇಳಿದಿತ್ತು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದರು, ಕೂತುಕೊಳ್ಳಿ ಅನ್ನಲಿಲ್ಲ.

ಎರಡನೇ ಕಂತಿನ ತುಣುಕು ತೆಗೆದುಬಿಡಿ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಖರ್ಚು ಎಷ್ಟಾದರೂ ಕೊಡುತ್ತೇನೆ ಎಂದಾಗ ಮುಖ ಸಿಂಡರಿಸಿದರು. ಕೊನೆಗೆ, ನನ್ನ ಅಕ್ಕನ ಮಾನದ ಪ್ರಶ್ನೆ, ಅವಳ ಉಗ್ಗು ತೋರಿಸಿ ನೀವು ಹೆಸರು ಮಾಡಬೇಕಾ ಎಂದು ದನಿ ಏರಿಸಿದೆ. ಎಂಥ ಭಂಡತನ ನನ್ನದು. ಆ ಮನುಷ್ಯನ ಎದುರಿಗೇ ಆ ಮಾತು ಆಡಿದೆ.

"ನೋಡಮ್ಮ," ಎಂದರು, "ನಿಮ್ಮಮ್ಮ ಬಸ್‌ಸ್ಟ್ಯಾಂಡಲ್ಲಿ ಅಷ್ಟು ಬೈದಾಗ್ಲೂ ನಾನು ಬಾಯಿ ಬಿಡ್ಲಿಲ್ಲ. ಮಗು ಏಟು ತಿಂತದೆ ಅಂತ ಸುಮ್ಕಿದ್ದೆ. ಜನ ನಗ್ತಾರೆ ಅಂತ ನಾನೂ ಅದನ್ನ ಹಂಗೇ ಇರ್ಲಿ ಅಂತ ಬುಟ್ಟೆ, ಅದು ನನ್ನ ತಪ್ಪು. ಆದ್ರೆ ನೀನು ಮಗು ಆಗಿದ್ದು ಎಷ್ಟು ವರ್ಷ?"

ಅವರು ಜೆರಾಕ್ಸ್ ಮಷೀನಿನ ಕಡೆ ತಿರುಗಿ, ಮೊದಲ ಕಾಪಿ ನಿಮ್ಮ ಅಕ್ಕನಿಗೇ ಕೊಟ್ಟಾಯಿತು, ಅವರೇ ಗುಬ್ಬಿಯಿಂದ ಬಂದು ಇಸಕೊಂಡು ಹೋದರು, ಅವರು ಆಗಲಿ ಅಂದ ಮೇಲೇ ಉಳಿದದ್ದು ಮಾಡುತ್ತಿರುವುದು ಎಂದರು.

ಕುಣಿಗಲ್ಲಿನಿಂದ ತುಮಕೂರು, ತುಮಕೂರಿನಿಂದ ಗುಬ್ಬಿ. ಎರಡನೇ ಬಸ್ಸಿನಲ್ಲಿ ಬೈಯಲು ಯಾರೂ ಉಳಿದಿರಲಿಲ್ಲ. ಅಕ್ಕ ಹೊಲಿಗೆ ಮಷೀನಿನ ಮುಂದೆ ಕೂತು ಬ್ಲೌಸಿಗೆ ತೋಳು ಜೋಡಿಸುತ್ತಿದ್ದಳು. ಇದೇನು ಇದ್ದಕ್ಕಿದ್ದಂತೆ ಎಂದು ಕೇಳಲಿಲ್ಲ. ಒಳಗಿನಿಂದ ನೀರು ತಂದುಕೊಟ್ಟಳು. ಆಮೇಲೆ ಟೀವಿ ಹಾಕಿ, ನನ್ನನ್ನು ಎದುರಿಗೆ ಕೂರಿಸಿದಳು. ಡಿಸ್ಕು ಆಗಲೇ ಪ್ಲೇಯರಿನಲ್ಲಿತ್ತು.

ಅವಳ ಮಾತನ್ನು ನಾನಿಲ್ಲಿ ನೇರವಾಗಿ ಬರೆಯುತ್ತೇನೆ, ಎಲ್ಲಿ ತಡವರಿಸಿದಳೆಂದು ತೋರಿಸುವುದಿಲ್ಲ. ಅವಳನ್ನು ಅನುಕರಿಸಿದ್ದು ಸಾಕು.

ಪರದೆಯ ಮೇಲೆ ಆ ಊಟದ ಹಾಲು ಬಂತು. ಎರಡು ಜಡೆಯ ಒಂದು ದರಿದ್ರ ಹುಡುಗಿ ಕಾಲು ಅಲ್ಲಾಡಿಸುತ್ತ ಕೂತಿದೆ. ನನಗೆ ಅದನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸಿತು. ವಿಡಿಯೋದವರ ದನಿ ಕೇಳಿತು: "ಬೇಡ ಕಣಮ್ಮ, ಅಳ್ತಾವ್ಳೆ ಅವ್ಳು." ಹುಡುಗಿ ಹೇಳಿತು: "ಅಳ್ಲಿ ಬಿಡಿ ಅಂಕಲ್. ಎಲ್ರೂ ನಕ್ಕರಲ್ಲ, ಇದೇ ಇರ್ಲಿ."

ಅಳಲಿ ಬಿಡಿ ಎಂದದ್ದು ನನಗೆ ನೆನಪೇ ಇರಲಿಲ್ಲ. ತಲೆ ತಗ್ಗಿಸಿದೆ. ಅಕ್ಕ ಎದ್ದು ಹೋಗಿ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಪರದೆಯ ಎಡ ಮೂಲೆಗೆ ಬೆರಳಿಟ್ಟಳು. ಬಾಗಿಲ ಪಕ್ಕ, ಒದ್ದೆ ಮುಖದಲ್ಲಿ, ಸಪ್ಲೈಯರ್ ಟೋಪಿ ಕೈಯಲ್ಲಿ ಹಿಡಿದು ಅವಳು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಎಲ್ಲ ಕೇಳಿಸ್ಕೊಂಡಿದ್ದೆ," ಎಂದಳು. "ಅಮ್ಮನ ಹತ್ರ ನೀನು ಅಂಕಲ್ ಹೇಳ್ಕೊಟ್ರು ಅಂದಾಗ ನಾನು ಬಚ್ಚಲಲ್ಲಿದ್ದೆ. ಅದೂ ಕೇಳಿಸ್ತು."

ನಾನು ಬಚ್ಚಿಟ್ಟುಕೊಂಡು ಬಂದದ್ದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅವಳ ಮದುವೆಯಲ್ಲಿ, ನನ್ನ ಬಾಣಂತನದಲ್ಲಿ, ಅಮ್ಮನ ತಿಥಿಯಲ್ಲಿ, ಪ್ರತಿ ಸಲ ನಾನು ಆ ಮನುಷ್ಯನನ್ನು ಬೈಯುವಾಗ ಎದುರಿಗೆ ಕೂತು ಕೇಳಿದ್ದಳು. ಅಭಿಮಾನಿಗಳ ಮೇಲೆ ನಾನು ಇಷ್ಟು ದಿನ ಕಾರಿದ್ದ ಸಿಟ್ಟೆಲ್ಲ ನಾಚಿಕೆಯಾಗಿ ನನ್ನ ಮೇಲೇ ತಿರುಗಿತು. ಅಕ್ಕ, ತಪ್ಪಾಯ್ತು ಎನ್ನಲು ಬಾಯಿ ತೆರೆದೆ.

"ಇವತ್ತು ಹೇಳ್ಬೇಡ," ಎಂದಳು. "ಇಪ್ಪತ್ತು ವರ್ಷ ನೀನಾಗೇ ಹೇಳ್ತೀಯ ಅಂತ ಕಾದೆ ಕಣೇ. ಇವತ್ತು ನೀನು ಹೇಳಿದ್ರೆ ಅದು ಡಿವಿಡಿ ಬಂತು ಅಂತ ಹೇಳ್ದಂಗೆ."

ಟೀವಿ ಆಫ್ ಮಾಡಿ ಮಷೀನಿಗೆ ಹೋಗಿ ಕೂತಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬಾಗಿಲವರೆಗೆ ಬರಲಿಲ್ಲ.